ಗಾಯವೂ ಅನ್ಯಾಯವೂ

ಕಂಪ್ಲಿ–ದರೋಜಿ ಸೀಮೆಯ ಮೆಟ್ರಿಯಂತಹ ಊರುಗಳಲ್ಲಿ, ಇಂಗ್ಲಿಷಿನ ಓನಾಮವನ್ನೂ ಕಲಿಯದ ಹಿರಿಯರ ಬಾಯಲ್ಲಿ ಸಹ ಸಲೀಸಾಗಿ ಹೊರಳುವ ಕೆಲವು ಇಂಗ್ಲಿಷ್ ಪದಗಳಲ್ಲಿ ‘ಇಂಜುರಿ’ ಎಂಬುದು ಒಂದು. ಹೊಸಪೇಟೆಯ ಹೆದ್ದಾರಿಯಲ್ಲಿ ಬೈಕು ಜಾರಿ ಬಿದ್ದವನ ಸುದ್ದಿಯನ್ನು ಹೇಳುವವರು ‘ತಲೀಗೆ ಇಂಜುರಿ ಆಗೈತಂತ’ ಎನ್ನುತ್ತಾರೆ. ಸಂಡೂರಿನ ಗಣಿಯಲ್ಲಿ ಕೈಯೋ ಕಾಲೋ ಜಜ್ಜಿಹೋದಾಗ ಬರೆಯುವ ಕಾಗದದಲ್ಲಿಯೂ ಅದೇ ಪದ. ಕ್ರಿಕೆಟ್ ಆಟಗಾರನೊಬ್ಬನು ತಂಡದಿಂದ ಹೊರಗುಳಿದನೆಂದರೆ ಹಳ್ಳಿಯ ಹುಡುಗರು ಹೇಳುವ ಕಾರಣವೂ ಅದೇ. ಹೀಗೆ ನಿತ್ಯದ ಮಾತಿನಲ್ಲಿ ಗಾಯಕ್ಕೆ ಪರ್ಯಾಯವಾಗಿ ನಿಂತಿರುವ ಈ ಪದವನ್ನು ಬಿಡಿಸಿ ನೋಡಿದರೆ, ಅದರ ಮೂಲದಲ್ಲಿ ನೆತ್ತರಾಗಲಿ, ಮುರಿದ ಮೂಳೆಯಾಗಲಿ, ನೋವಾಗಲಿ ಕಾಣದೆ, ನ್ಯಾಯಕ್ಕೆ ಸಂಬಂಧಿಸಿದ ಒಂದು ಭಾವನೆ ಕಾಣುತ್ತದೆ ಎಂಬುದು ಕುತೂಹಲಕರವಾದ ಸಂಗತಿ.

ಲ್ಯಾಟಿನ್ ಭಾಷೆಯಲ್ಲಿ ‘ಯೂಸ್’ ಎಂದರೆ ನ್ಯಾಯ, ಧರ್ಮ, ಹಕ್ಕು. ಅದಕ್ಕೆ ನಿಷೇಧಾರ್ಥಕವಾದ ‘ಇನ್’ ಎಂಬ ಉಪಸರ್ಗ ಸೇರಿ ‘ಇನ್ಯೂರಿಯ’ ಎಂಬ ಶಬ್ದ ಹುಟ್ಟಿತು. ನಮ್ಮ ‘ನ್ಯಾಯ’ದ ಹಿಂದೆ ಅಕಾರ ಸೇರಿ ‘ಅನ್ಯಾಯ’ವಾದ ಬಗೆಯಲ್ಲಿಯೇ ಅದೂ ಆದದ್ದು, ರಚನೆಯಲ್ಲಿಯೂ ಅರ್ಥದಲ್ಲಿಯೂ ಇವೆರಡು ಪದಗಳು ಒಂದಕ್ಕೊಂದು ಸಮಾನಾಂತರವಾಗಿವೆ. ಒಂದು ಕಾಲದಲ್ಲಿ ನಮ್ಮ ನ್ಯಾಯಾಲಯಗಳಲ್ಲಿಯೂ ಪರಿಚಿತವಾಗಿದ್ದ ‘ಜೂರಿ’ ಎಂಬ ಶಬ್ದ ಇದೇ ಮನೆತನದ್ದು: ಧರ್ಮವನ್ನು ಸಾಕ್ಷಿಯಾಗಿಟ್ಟು ಪ್ರಮಾಣ ಮಾಡುವುದು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಅದು ಬಂದಿದೆ. ವೇದಭಾಷೆಯಲ್ಲಿ ಕ್ಷೇಮವೆಂಬ ಅರ್ಥದಲ್ಲಿ ‘ಶಂ’ ಎಂಬುದರ ಜೊತೆಗೆ ಬರುವ ‘ಯೋಃ’ ಎಂಬ ಪುರಾತನ ಶಬ್ದವನ್ನು ಭಾಷಾಶಾಸ್ತ್ರಜ್ಞರು ‘ಯೂಸ್’ ಶಬ್ದದ ದಾಯಾದಿಯೆಂದು ಪರಿಗಣಿಸುತ್ತಾರೆ.

ರೋಮನ್ನರು ಈ ಪದವನ್ನು ಹೇಗೆ ಬಳಸಿದರೆಂಬುದಕ್ಕೆ ಅವರ ಅತ್ಯಂತ ಹಳೆಯ ಶಾಸನವಾದ ‘ಹನ್ನೆರಡು ಫಲಕ’ಗಳೇ ಸಾಕ್ಷಿ. ಕ್ರಿ.ಪೂ. 450ರ ಸುಮಾರಿಗೆ ರಚಿತವಾದ ಆ ಕಟ್ಟಳೆಗಳ ಪ್ರಕಾರ ಸ್ವತಂತ್ರನೊಬ್ಬನ ಮೂಳೆಯನ್ನು ಮುರಿದವನಿಗೆ 300 ‘ಆಸ್’ ನಾಣ್ಯಗಳ ದಂಡ, ಗುಲಾಮನ ಮೂಳೆಯಾದರೆ ಅದರ ಅರ್ಧ, ಕಪಾಳಕ್ಕೆ ಹೊಡೆಯುವಂತಹ ಚಿಲ್ಲರೆ ‘ಇನ್ಯೂರಿಯ’ಕ್ಕೆ ಕೇವಲ 25. ಕಾಲ ಕಳೆದಂತೆ ನಾಣ್ಯದ ಬೆಲೆ ಇಳಿದು, ದಂಡವು ನಗೆಪಾಟಲಾಯಿತು. ಲೂಸಿಯಸ್ ವೆರಾಟಿಯಸ್ ಎಂಬ ಧನಿಕನೊಬ್ಬನು ಬೀದಿಯಲ್ಲಿ ಎದುರಾದ ಮರ್ಯಾದಸ್ಥರ ಕೆನ್ನೆಗೆ ಬಾರಿಸುತ್ತ ಮುನ್ನಡೆಯುತ್ತಿದ್ದನಂತೆ. ಹಣದ ಚೀಲ ಹಿಡಿದು ಬೆನ್ನ ಹಿಂದೆಯೇ ಬರುತ್ತಿದ್ದ ಅವನ ಗುಲಾಮನು, ಏಟು ತಿಂದವರಿಗೆ ಕಾನೂನಿನ ಪ್ರಕಾರ 25 ನಾಣ್ಯಗಳನ್ನು ಅಲ್ಲಿಯೇ ಎಣಿಸಿ ಕೊಡುತ್ತಿದ್ದನಂತೆ. ಎರಡನೆಯ ಶತಮಾನದ ಲೇಖಕ ಆಲಸ್ ಗೆಲಿಯಸ್ ಈ ಕಥೆಯನ್ನು ಹೇಳಿ, ಇದರಿಂದಾಗಿಯೇ ನಿಗದಿಯಾದ ದಂಡವನ್ನು ಕೈಬಿಟ್ಟು, ಪ್ರತಿಯೊಂದು ಪ್ರಕರಣದಲ್ಲಿಯೂ ನಷ್ಟವನ್ನು ಅಳೆದು ತೀರ್ಮಾನಿಸುವ ಪದ್ಧತಿ ಬಂದಿತೆನ್ನುತ್ತಾನೆ. ವೆರಾಟಿಯಸ್ಸನ ಏಟಿನಿಂದ ಯಾರ ಹಲ್ಲೂ ಉದುರದಿದ್ದಿರಬಹುದು. ಆದರೆ ನಡುಬೀದಿಯಲ್ಲಿ ಮಾನ ಹೋಯಿತಲ್ಲ, ಅದು ‘ಇನ್ಯೂರಿಯ’.

ಈ ಶಬ್ದವು ಫ್ರೆಂಚರ ಕೈಸೇರಿದಾಗ ಮಾನಭಂಗದ ಅರ್ಥವೇ ಬಲಿಯಿತು. ಇಂದಿಗೂ ಫ್ರೆಂಚಿನಲ್ಲಿ ಅದರ ಅರ್ಥ ಬೈಗುಳ, ನಿಂದೆ. ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದಾಗಲೂ ಅದು ಅನ್ಯಾಯ, ಅಪಚಾರ, ಹಾನಿ ಎಂಬ ಅರ್ಥಗಳನ್ನೇ ಮುಖ್ಯವಾಗಿ ಹೊತ್ತು ಬಂದಿತು. ಮೈಮೇಲಿನ ಗಾಯಕ್ಕೆ ಇಂಗ್ಲಿಷರಲ್ಲಿ ತಮ್ಮದೇ ಆದ ‘ವೂಂಡ್’ ಎಂಬ ಹಳೆಯ ಪದವಿತ್ತು. ಡಿಕ್ಕಿ ಹೊಡೆಯುವುದು, ಹಾಯುವುದು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದ ‘ಹರ್ಟ್’ ಇತ್ತು. ಆದರೂ ಅನ್ಯಾಯದ ಪದವು ಶತಮಾನಗಳ ಬಳಕೆಯಲ್ಲಿ ಮೆಲ್ಲಮೆಲ್ಲನೆ ದೇಹದ ಮೇಲೆ ಇಳಿದು, ಕೊನೆಗೆ ಯಾರ ತಪ್ಪೂ ಇಲ್ಲದೆ ಆದ ಉಳುಕಿಗೂ ಹೆಸರಾಯಿತು. ಇದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆದದ್ದು ‘ಟ್ರಾಮಾ’: ಗ್ರೀಕಿನಲ್ಲಿ ಶುದ್ಧವಾಗಿ ಮೈಯ ಗಾಯವೆಂದೇ ಅರ್ಥವಿದ್ದ ಆ ಪದ ಈಗ ಮನಸ್ಸಿನ ಆಘಾತಕ್ಕೂ ಸಲ್ಲುತ್ತದೆ.

ಕನ್ನಡವು ಗಾಯದ ವಿಷಯದಲ್ಲಿ ಬಡ ಭಾಷೆಯಲ್ಲ. ಅಚ್ಚಗನ್ನಡದ ಅತ್ಯಂತ ಹಳೆಯ ಪದ ‘ಪುಣ್’. ಪಕಾರವು ಹಕಾರವಾಗಿ ತಿರುಗಿದ ಕಾಲಕ್ಕೆ ಅದು ‘ಹುಣ್’ ಆಗಿ, ಮುಂದೆ ‘ಹುಣ್ಣು’ ಆಯಿತು. ತಮಿಳಿನ ‘ಪುಣ್’, ತೆಲುಗಿನ ‘ಪುಂಡು’ ಇದರ ಒಡಹುಟ್ಟಿದವು. ಹಿಂದೆ ಅಲಗು ತಾಗಿ ಆದ ಹಸಿಗಾಯಕ್ಕೂ ಸಲ್ಲುತ್ತಿದ್ದ ಈ ಪದ, ‘ಗಾಯ’ ಎಂಬ ತದ್ಭವವು ಬಂದು ನೆಲೆಸಿದ ಮೇಲೆ, ಕೀವು ತುಂಬಿದ, ಬಹುಕಾಲ ಮಾಯದ ವ್ರಣಕ್ಕೆ ಸೀಮಿತವಾಯಿತು. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂಬ ಗಾದೆಯಲ್ಲಿ ಇರುವುದು ಈ ಹುಣ್ಣೇ. ಇನ್ನು ‘ಗಾಯ’ವೆಂಬುದು ಸಂಸ್ಕೃತದ ‘ಘಾತ’. ಪ್ರಾಕೃತದಲ್ಲಿ ತಕಾರ ಕರಗಿ ‘ಘಾಯ’ವಾಗಿ, ಕನ್ನಡದ ನಾಲಗೆಯಲ್ಲಿ ಮಹಾಪ್ರಾಣವೂ ಅಳಿದು ‘ಗಾಯ’ವಾಯಿತು. ಕೊಲ್ಲು, ಹೊಡೆ ಎಂಬ ಅರ್ಥದ ‘ಹನ್’ ಧಾತು ಅದರ ಮೂಲದಲ್ಲಿರುವುದರಿಂದ, ಹೊಡೆದವನೊಬ್ಬನು ಇದ್ದಾನೆಂಬ ಸೂಚನೆ ಆ ಪದದೊಳಗೆ ಎಲ್ಲಿಯೋ ಅಡಗಿಯೇ ಇದೆ.

ಪಾರಸಿಯಲ್ಲಿ ಗಾಯವೆಂದೇ ಅರ್ಥವಿರುವ ‘ಜಖಂ’ ಎಂಬ ಪದ ಮುಸಲ್ಮಾನ ಅರಸರ ಆಡಳಿತದೊಡನೆ ನಮ್ಮಲ್ಲಿಗೆ ಬಂದಿತು; ಅದಕ್ಕೆ ಕನ್ನಡದಲ್ಲಿ ಒದಗಿದ ಗತಿ ವಿಚಿತ್ರವಾದುದು. ‘ಲಾರಿ ಜಖಂ, ಚಾಲಕನಿಗೆ ಗಾಯ’ ಎಂದು ದಿನಪತ್ರಿಕೆಯ ಶೀರ್ಷಿಕೆ ಬರೆಯುವವರು, ತಾವು ಒಂದೇ ಅರ್ಥದ ಎರಡು ಪದಗಳನ್ನು ಯಂತ್ರಕ್ಕೊಂದು ಮನುಷ್ಯನಿಗೊಂದು ಎಂದು ಹಂಚಿಕೊಡುತ್ತಿರುವೆವೆಂದು ಯೋಚಿಸಿರಲಾರರು. ಆದರೂ ಆ ಹಂಚಿಕೆ ಈಗ ಭದ್ರವಾಗಿ ನಿಂತುಬಿಟ್ಟಿದೆ. ಬಳ್ಳಾರಿ ಸೀಮೆಯ ಆಡುಮಾತಿನಲ್ಲಂತೂ ಈ ವಿಂಗಡಣೆ ಇನ್ನೂ ಸೂಕ್ಷ್ಮ. ಕಬ್ಬು ಕಡಿಯುವಾಗ ಮಚ್ಚು ತಾಗಿದರೆ ‘ಗಾಯ ಆಗೈತಿ’. ಬಂಡಿಯಿಂದ ಬಿದ್ದರೆ ‘ಪೆಟ್ಟು ಬಿದ್ದೈತಿ’. ಮೇಲೆ ರಕ್ತ ಕಾಣದೆ ಒಳಗೇ ಬಾತುಕೊಂಡರೆ ‘ಒಳಪೆಟ್ಟು’. ಕಲ್ಲಿಗೆ ಉಜ್ಜಿ ಚರ್ಮ ಎದ್ದರೆ ‘ತರಚೈತಿ’. ಬಾಗಿಲ ಸಂದಿಗೆ ಬೆರಳು ಸಿಕ್ಕರೆ ‘ಜಜ್ಜೈತಿ’. ಹೊಲದ ಬದುವಿನ ಗಬ್ಬುಸೇವಂತಿಯ ಸೊಪ್ಪನ್ನು ಅಂಗೈಯಲ್ಲಿ ಹೊಸಕಿ ರಸ ಹಿಂಡುವುದು ಗಾಯಕ್ಕೇ ಹೊರತು ಒಳಪೆಟ್ಟಿಗಲ್ಲ ಎಂಬುದು ರೈತರಿಗೆ ಗೊತ್ತು. ಗಾಯವು ವಾಸಿಯಾಗುವುದಕ್ಕೆ ನಾವು ಬಳಸುವ ‘ಮಾಯು’ ಎಂಬ ಕ್ರಿಯಾಪದವೂ ಈ ಬಳಗದ್ದೇ. ಜ್ವರ ಬಿಡುತ್ತದೆ, ನೆಗಡಿ ಇಳಿಯುತ್ತದೆ, ಗಾಯ ಮಾತ್ರ ಮಾಯುತ್ತದೆ.

ಶಸ್ತ್ರವೈದ್ಯದ ಆಚಾರ್ಯನಾದ ಸುಶ್ರುತನು ಆಗಂತುಕ ವ್ರಣಗಳನ್ನು ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂದು ಆರಾಗಿ ವಿಭಾಗಿಸಿದ್ದಾನೆ. ಕಡಿದದ್ದು, ಕೋಷ್ಠದವರೆಗೆ ಇರಿದದ್ದು, ಮೊನೆ ಚುಚ್ಚಿದ್ದು, ಮೊದಲೆರಡರ ನಡುವಿನ ಅಂಕುಡೊಂಕಿನದು, ಜಜ್ಜಿದ್ದು, ತರಚಿದ್ದು ಎಂದು ಅವುಗಳನ್ನು ಕನ್ನಡಿಸಿದರೆ, ಶಾಸ್ತ್ರಕಾರನ ವರ್ಗೀಕರಣಕ್ಕೂ ಮೆಟ್ರಿಯ ಒಕ್ಕಲಿನ ಮಾತಿಗೂ ಎಷ್ಟು ಹೊಂದಿಕೆಯುಂಟೆಂಬುದು ತಿಳಿದೀತು. ಇವುಗಳಲ್ಲಿ ‘ಭಿನ್ನ’ವೆಂಬುದು ಕಲ್ಲಿನ ದೇವರಿಗೂ ಸಲ್ಲುತ್ತದೆ: 1528ರಲ್ಲಿ ಕೃಷ್ಣದೇವರಾಯನು ಪ್ರತಿಷ್ಠಾಪಿಸಿದ, 6.7 ಮೀಟರ್ ಎತ್ತರದ ಹಂಪೆಯ ನರಸಿಂಹನು, ತೊಡೆಯ ಮೇಲಿನ ಲಕ್ಷ್ಮಿಯನ್ನು ಕಳೆದುಕೊಂಡು ಕೈಕಾಲುಗಳು ಮುರಿದು ಕುಳಿತಿರುವುದನ್ನು ಕಂಡವರು ‘ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ’ ಎನ್ನುತ್ತಾರೆ.

ಇಷ್ಟೆಲ್ಲ ಪದಗಳು ಗಾಯದ ಆಕಾರವನ್ನೂ ಆಳವನ್ನೂ ಹೇಳುತ್ತವೆ. ಆದರೆ ‘ಯಾರು ಮಾಡಿದರು, ಅದು ಸರಿಯೇ’ ಎಂಬ ಪ್ರಶ್ನೆಯನ್ನು ಎತ್ತುವುದಿಲ್ಲ. ಇಂಗ್ಲಿಷ್ ಪದವು ತನ್ನ ಹುಟ್ಟಿನಿಂದಲೇ ಎತ್ತುವುದು ಆ ಪ್ರಶ್ನೆಯನ್ನೇ. ಗಾಯವೂ ಅನ್ಯಾಯವೂ ಯಾವಾಗಲೂ ಜೊತೆಯಾಗಿ ಬರುವುದಿಲ್ಲವೆಂಬುದನ್ನು ರೋಮನ್ ನ್ಯಾಯವೇತ್ತರು ಬಲ್ಲವರಾಗಿದ್ದರು. ಒಪ್ಪಿ ಒಡ್ಡಿಕೊಂಡವನಿಗೆ ಅನ್ಯಾಯವಾಗದು ಎಂಬುದು ಅವರಿಂದ ಬಂದ ಸೂತ್ರ. ಹಾನಿಯಿದ್ದೂ ಅನ್ಯಾಯವಿಲ್ಲದಿರಬಹುದು, ಅನ್ಯಾಯವಿದ್ದೂ ಹಾನಿಯಿಲ್ಲದಿರಬಹುದು ಎಂಬ ಇನ್ನೆರಡು ಲ್ಯಾಟಿನ್ ಸೂತ್ರಗಳನ್ನು ಇಂದಿಗೂ ನಮ್ಮ ಕಾನೂನು ಕಾಲೇಜುಗಳಲ್ಲಿ ಮೊದಲ ಪಾಠಗಳಾಗಿ ಕಲಿಸುತ್ತಾರೆ. 1703ರ ಪ್ರಕರಣವೊಂದರಲ್ಲಿ ಇಂಗ್ಲೆಂಡಿನ ಮತದಾರನೊಬ್ಬನು, ತನಗೆ ಮತ ಹಾಕಗೊಡಲಿಲ್ಲವೆಂದು ಚುನಾವಣಾಧಿಕಾರಿಯ ಮೇಲೆ ದಾವೆ ಹೂಡಿದ. ಅವನು ಮೆಚ್ಚಿದ ಅಭ್ಯರ್ಥಿಗಳೇ ಗೆದ್ದಿದ್ದರಿಂದ ಅವನಿಗೆ ನಷ್ಟವೇನೂ ಆಗಿರಲಿಲ್ಲ. ಆದರೂ ಹಕ್ಕಿಗೆ ಭಂಗವಾದುದೇ ಸಾಕೆಂದು ಕೊನೆಗೆ ಅವನ ಪರವಾಗಿಯೇ ತೀರ್ಪಾಯಿತು.

ಈ ಸೂತ್ರಗಳಿಗೆ ಉದಾಹರಣೆಗಳನ್ನು ಹುಡುಕಲು ತುಂಗಭದ್ರೆಯ ದಡವನ್ನು ಬಿಟ್ಟು ಹೋಗಬೇಕಾಗಿಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಮಹಾನವಮಿಯ ಉತ್ಸವದಲ್ಲಿ ರಾಯನ ಸಮ್ಮುಖದಲ್ಲಿ ನಡೆದ ಜಟ್ಟಿಗಳ ಕಾಳಗವನ್ನು ಬಣ್ಣಿಸುತ್ತ, ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ, ಮುಖ ವಿಕಾರಗೊಳ್ಳುವಂತೆ ಅವರು ಬಡಿದಾಡುತ್ತಿದ್ದುದನ್ನೂ, ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದುದನ್ನೂ ಹೇಳಿದ್ದಾನೆ. ಅವನ ತರುವಾಯ ಬಂದ ಫೆರ್ನಾವ್ ನುನಿಜ್, ಮಂತ್ರಿಯ ಅಪ್ಪಣೆ ಪಡೆದು ದ್ವಂದ್ವಯುದ್ಧ ಮಾಡುವವರಿಗೆ ಈ ನಾಡಿನಲ್ಲಿ ದೊಡ್ಡ ಗೌರವವಿದೆಯೆಂದೂ, ಸತ್ತವನ ಆಸ್ತಿ ಗೆದ್ದವನಿಗೆ ಸಲ್ಲುತ್ತದೆಂದೂ ಬರೆದಿದ್ದಾನೆ. ಅಲ್ಲಿ ನೆತ್ತರು ಹರಿಯಿತು, ಮೂಳೆ ಮುರಿಯಿತು. ಆದರೆ ಇಬ್ಬರೂ ಒಪ್ಪಿ ಕಣಕ್ಕಿಳಿದಿದ್ದರಿಂದಲೂ ರಾಜಶಾಸನವೇ ಸಮ್ಮತಿಸಿದ್ದರಿಂದಲೂ ಯಾರೂ ಯಾರ ಮೇಲೆಯೂ ದೂರು ಒಯ್ಯಲಿಲ್ಲ. ಗಾಯ ಧಾರಾಳವಾಗಿದ್ದು ಅನ್ಯಾಯವಿಲ್ಲದ ಪ್ರಸಂಗ ಇದು.

ಇದಕ್ಕೆ ಸರಿಯಾಗಿ ವಿರುದ್ಧವಾದುದು ಕಂಪ್ಲಿಯ ಕುಮಾರರಾಮನ ಕಥೆ. 1327ರಲ್ಲಿ ದೆಹಲಿಯ ತುಘಲಕ್ ಸೈನ್ಯಕ್ಕೆ ಬಿದ್ದುಹೋದ ಕಂಪಿಲಿ ರಾಜ್ಯದ ಈ ರಾಜಕುಮಾರನನ್ನು, ನಂಜುಂಡಕವಿಯ ಸಾಂಗತ್ಯದಿಂದ ಮೊದಲ್ಗೊಂಡು ದರೋಜಿಯ ಈರಮ್ಮನವರ ಬುರ್ರಕಥೆಯವರೆಗೆ, ಈ ಸೀಮೆಯ ಜನ ತಲೆಮಾರುಗಳ ಕಾಲ ಹಾಡಿಕೊಂಡು ಬಂದಿದ್ದಾರೆ. ಆ ಕಥೆಯಲ್ಲಿ ಅರಮನೆಯಂಗಳಕ್ಕೆ ಬಿದ್ದ ಚೆಂಡನ್ನು ಕೇಳಲು ಹೋದ ರಾಮನನ್ನು ಮಲತಾಯಿ ರತ್ನಾಜಿ ಮೋಹಿಸುತ್ತಾಳೆ. ಅವನು ನಿರಾಕರಿಸಲಾಗಿ, ತನ್ನ ಮೇಲೆ ಕೈಮಾಡಿದನೆಂದು ಕಂಪಿಲರಾಯನಲ್ಲಿ ದೂರುತ್ತಾಳೆ. ರಾಯ ವಿಚಾರಿಸದೆ ಮಗನ ತಲೆ ತರಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು, ಬೇರೊಂದು ತಲೆಯನ್ನು ತೋರಿಸಿ ರಾಯನನ್ನು ನಂಬಿಸುತ್ತಾನೆ. ಇಡೀ ಪ್ರಸಂಗದಲ್ಲಿ ರಾಮನ ಮೈಗೆ ಒಂದು ಗೀರೂ ತಗುಲಿಲ್ಲ; ಆದರೆ ಅವನಿಗಾದ ‘ಇಂಜುರಿ’ಗಿಂತ ದೊಡ್ಡದನ್ನು ಪೂರ್ವಕಾಲದ ರೋಮನ್ ನ್ಯಾಯಾಧೀಶನೂ ಊಹಿಸಲಾರನು. ರಾಮನು ಆಮೇಲೆ ರಣರಂಗದಲ್ಲಿ ಹೊಂದಿದ ಗಾಯಗಳಿಗಿಂತ ಮಾಡದ ತಪ್ಪಿಗೆ ಹೊತ್ತ ಈ ಅಪವಾದಕ್ಕೇ ಕೇಳುಗರು ಕಣ್ಣೀರು ಮಿಡಿಯುವುದು.

ಗಾಯದ ಹಿಂದಿರುವ ಋಣವನ್ನು ತೀರಿಸುವ ಕ್ರಮವೂ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಊರಳಿವಿನಲ್ಲಿ, ತುರುಗೋಳಿನಲ್ಲಿ, ಗಡಿಕಾಳಗದಲ್ಲಿ ಮಡಿದವನ ಹೆಸರಿನಲ್ಲಿ ನಿಲ್ಲಿಸಿದ ವೀರಗಲ್ಲುಗಳು ಕನ್ನಡನಾಡಿನ ಉದ್ದಗಲಕ್ಕೂ ಕಾಣಸಿಗುತ್ತವೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ಒಯ್ಯುತ್ತಿರುವ ವೀರ, ಮೇಲೆ ಶಿವಸನ್ನಿಧಿ. ಆದರೆ ಕಲ್ಲು ನೆಡುವುದರಲ್ಲಿಯೇ ಊರಿನ ಕರ್ತವ್ಯ ಮುಗಿಯುತ್ತಿರಲಿಲ್ಲ. ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯನ್ನು ಶಾಸನಗಳು ‘ನೆತ್ತರುಗೊಡಗೆ’ ಎನ್ನುತ್ತವೆ. ಶೌರ್ಯವನ್ನು ಮೆಚ್ಚಿ ಕತ್ತಿ ತೊಳೆದು ಕೊಡುವ ‘ಬಾಳ್ಗಳ್ಚು’ ಎಂಬ ದತ್ತಿಯು ಕ್ರಿ.ಶ. 949–50ರ ಆತಕೂರಿನ ಶಾಸನದಲ್ಲಿ ಬರುತ್ತದೆ. ಹರಿದ ನೆತ್ತರಿಗೆ ಸಮುದಾಯವು ಉತ್ತರವಾದಿಯೆಂಬ ತಿಳಿವಳಿಕೆ ಈ ಪದಗಳಲ್ಲಿ ಸ್ಪಷ್ಟವಾಗಿದೆ.

ಬಳ್ಳಾರಿ ಸೀಮೆಯನ್ನು ನಿಜಾಮನು 1800ರಲ್ಲಿ ಕಂಪನಿ ಸರಕಾರಕ್ಕೆ ಒಪ್ಪಿಸಿದ ಮೇಲೆ ಮದರಾಸು ಆಧಿಪತ್ಯದ ಕಚೇರಿಗಳೂ ಕೋರ್ಟುಗಳೂ ಇಲ್ಲಿ ನೆಲೆಗೊಂಡವು. ಅವುಗಳೊಡನೆ ಇಂಗ್ಲಿಷ್ ಕಾನೂನಿನ ಪರಿಭಾಷೆಯೂ ಬಂದಿತು. 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ದಂಡಸಂಹಿತೆಯಲ್ಲಿ ‘ಇಂಜುರಿ’ಯ ಹಳೆಯ ಅರ್ಥವು ಸಂಪೂರ್ಣವಾಗಿ ಉಳಿದುಬಂದಿರುವುದು ಗಮನಾರ್ಹ. ಅದರ 44ನೆಯ ಕಲಮಿನ ಪ್ರಕಾರ, ಯಾವ ವ್ಯಕ್ತಿಗಾದರೂ ದೇಹದಲ್ಲಿ, ಮನಸ್ಸಿನಲ್ಲಿ, ಕೀರ್ತಿಯಲ್ಲಿ ಅಥವಾ ಸ್ವತ್ತಿನಲ್ಲಿ ಕಾನೂನಿಗೆ ವಿರುದ್ಧವಾಗಿ ಉಂಟುಮಾಡಿದ ಯಾವುದೇ ಹಾನಿಯೂ ‘ಇಂಜುರಿ’. ಮೈಗಾದ ನೋವಿಗೆ ಮಾತ್ರ ಸೀಮಿತವಾದ ಅಪರಾಧಕ್ಕೆ ಸಂಹಿತೆಯು ‘ಹರ್ಟ್’ ಎಂಬ ಬೇರೆಯ ಪದವನ್ನೇ ಇಟ್ಟುಕೊಂಡಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಎರಡು ಪದಗಳ ಭೇದ ಹಾಗೆಯೇ ಮುಂದುವರಿದಿದೆ. ತೀವ್ರವಾದ ಗಾಯವೆನ್ನಲು ಗಾಯಾಳು 20 ದಿನ ಕಠಿಣ ಯಾತನೆಯಲ್ಲಿರಬೇಕು ಅಥವಾ ತನ್ನ ನಿತ್ಯದ ಕೆಲಸ ಮಾಡಲಾರದಂತಿರಬೇಕು ಎಂದು ಹಳೆಯ ಸಂಹಿತೆಯಲ್ಲಿದ್ದ ಗಡುವು ಹೊಸದರಲ್ಲಿ 15 ದಿನಕ್ಕೆ ಇಳಿದಿದೆ. ಪೊಲೀಸ್ ಠಾಣೆಯ ಕನ್ನಡವು ಇವನ್ನೆಲ್ಲ ತನ್ನದೇ ರೀತಿಯಲ್ಲಿ ಅರಗಿಸಿಕೊಂಡಿದೆ: ಪಿರ್ಯಾದಿಯಲ್ಲಿ ‘ಸಾದಾ ಗಾಯ’, ‘ಭಾರಿ ಗಾಯ’, ‘ರಕ್ತಗಾಯ’, ‘ಒಳಪೆಟ್ಟು’ ಎಂದು ಬರೆದುಕೊಂಡು, ಅದಕ್ಕೆ ಆಸ್ಪತ್ರೆಯ ವೈದ್ಯರಿಂದ ‘ಊಂಡ್ ಸರ್ಟಿಫಿಕೇಟ್’ ತರಿಸುತ್ತಾರೆ.

ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳಲ್ಲಿ ದುಡಿಯುವ ಕೂಲಿಗೆ ಈ ಪದ ಇನ್ನೊಂದು ಬಾಗಿಲಿನಿಂದ ಬಂದಿದೆ. 1923ರ ಕಾರ್ಮಿಕರ ಪರಿಹಾರ ಕಾಯಿದೆಯು, ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ, ಅಪಘಾತದಿಂದ ಆದ ಗಾಯಕ್ಕೆ ಮಾಲೀಕನೇ ಹೊಣೆಯೆಂದು ಸಾರಿತು. ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಾದ ಹೊರೆಯನ್ನು ಕೂಲಿಯ ತಲೆಯಿಂದ ಇಳಿಸಿತು. ಅದರ ಅನುಸೂಚಿಯಲ್ಲಿ ದೇಹದ ಒಂದೊಂದು ಭಾಗಕ್ಕೂ ಗಳಿಕೆಯ ಶಕ್ತಿಯಲ್ಲಿ ಆಗುವ ನಷ್ಟದ ಲೆಕ್ಕವಿತ್ತು: ಹೆಬ್ಬೆರಳು ಹೋದರೆ ಶೇಕಡಾ 30, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೋ ಕಿರುಬೆರಳಿಗೋ 7, ಎರಡೂ ಕೈ ಹೋದರೆ 100. ಬೆರಳುಗಳಿಗೆ ಕ್ರಯ ಕಟ್ಟುವ ಈ ಪಟ್ಟಿ ಹೃದಯಹೀನವೆಂದು ತೋರಬಹುದು. ಆದರೆ ಮಾಲೀಕನ ದಯೆಗೆ ಕಾಯುತ್ತ ನಿಲ್ಲುವುದಕ್ಕೂ, ಇಷ್ಟು ನನಗೆ ಸಲ್ಲಬೇಕೆಂದು ಕೇಳುವುದಕ್ಕೂ ಇರುವ ಅಂತರವನ್ನು ಬಲ್ಲವರು ಅದನ್ನು ಹಳಿಯಲಾರರು. ಗ್ರಹಚಾರವೆಂದು ಸುಮ್ಮನಾಗುತ್ತಿದ್ದ ಕಡೆ ಅದು ಹಕ್ಕಿನ ಮಾತನ್ನು ಆಡಿಸಿತು.

ಹಾಗಾದರೆ ಗಾಯ ಮಾಡಿದವನು ಮನುಷ್ಯನೇ ಆಗಿರದಿದ್ದರೆ? 1994ರಲ್ಲಿ ಸ್ಥಾಪಿತವಾದ ದರೋಜಿ ಕರಡಿಧಾಮದ ಸುತ್ತಣ ಹಳ್ಳಿಗಳವರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಹಠಾತ್ತನೆ ಎದುರಾದ ಮನುಷ್ಯನನ್ನು ಕರಡಿ ಹಿಂಗಾಲ ಮೇಲೆ ಎದ್ದು ನಿಂತು ತಲೆ ಮತ್ತು ಮುಖಗಳ ಮೇಲೆಯೇ ಪರಚುವುದರಿಂದ, ಅದರ ಗಾಯವನ್ನು ಉಳಿದವನು ಬಾಳಿನುದ್ದಕ್ಕೂ ಎಲ್ಲರೆದುರಿಗೆ ಹೊತ್ತು ತಿರುಗಬೇಕಾಗುತ್ತದೆ. ಮರಿಯನ್ನು ಬೆನ್ನಿಗೇರಿಸಿಕೊಂಡು ಗುಡ್ಡದಿಂದಿಳಿದ ತಾಯಿಕರಡಿಯ ಮೇಲೆ ಯಾವ ಕಲಮನ್ನು ಹೇರಲಾದೀತು? ಅದು ತನ್ನ ಧರ್ಮವನ್ನೇ ನಡೆಸಿತು. ಆದರೂ ಅರಣ್ಯ ಇಲಾಖೆಯು ಗಾಯಾಳುವಿಗೆ ಪರಿಹಾರ ಕೊಡುತ್ತದೆ. ಕಾಡನ್ನು ಉಳಿಸುವ ತೀರ್ಮಾನ ಇಡೀ ನಾಡಿನದಾಗಿರುವಾಗ ಅದರ ಬೆಲೆಯನ್ನು ಗುಡ್ಡದ ಅಂಚಿನ ರೈತನೊಬ್ಬನೇ ತೆರುವುದು ನ್ಯಾಯವಲ್ಲವೆಂಬುದು ಆ ಪರಿಹಾರದ ತಳಹದಿ. ಅಪರಾಧಿಯಿಲ್ಲದೆಯೂ ಅನ್ಯಾಯವುಂಟಾಗಬಹುದೆಂದು ಅಲ್ಲಿ ಸರಕಾರವೇ ಒಪ್ಪಿಕೊಂಡಂತಾಯಿತು.

ಕನ್ನಡದ ಆಡುಮಾತು ಈ ನಿಲುವಿಗೆ ಎಂದೋ ಬಂದಿದೆಯೆಂದು ನನಗೆ ತೋರುತ್ತದೆ. ಕಾನೂನು ಗಾಯಾಳುವನ್ನು ಹೆಸರಿಸಬೇಕಾದಾಗ ನಾವು ‘ನೊಂದವರು’ ಎಂಬ ಪದವನ್ನು ಬಳಸುತ್ತೇವೆ; ಮೈ ನೊಂದರೂ, ಮನಸ್ಸು ನೊಂದರೂ, ಹಕ್ಕು ಕಳೆದುಕೊಂಡು ನೊಂದರೂ ಅವರು ನೊಂದವರೇ. ಈ ಸೀಮೆಯ ಸಾವಿನ ಮನೆಯಲ್ಲಿ, ಲಾರಿಗೆ ಸಿಕ್ಕಿಯೋ ಕಾಲುವೆಯಲ್ಲಿ ಜಾರಿಯೋ ಎಳೆಯ ಜೀವ ಹೋದಾಗ, ಹೆಂಗಸರು ಎದೆ ಬಡಿದುಕೊಂಡು ಅಳುವ ಮೊದಲ ಮಾತು ‘ಅನ್ಯಾಯವಾಗಿ ಹೋದೆಲ್ಲೋ ನನ ಮಗನ’ ಎಂಬುದು. ಅಲ್ಲಿ ಯಾರ ಮೇಲೂ ಆಪಾದನೆಯಿಲ್ಲ. ಆಗಬಾರದ್ದು ಆಯಿತು, ಇದು ಸರಿಯಲ್ಲ ಎಂಬ ಆಕ್ರಂದನವಿದೆ. ಇಂಗ್ಲಿಷ್ ಪದವು ಅನ್ಯಾಯದಿಂದ ಹೊರಟು ಗಾಯಕ್ಕೆ ಬಂದು ನಿಂತಿತು. ಕನ್ನಡದ ಶೋಕವು ಗಾಯದಿಂದ ಹೊರಟು ಅನ್ಯಾಯಕ್ಕೆ ಮುಟ್ಟುತ್ತದೆ.

ಆದರೆ ಅಳುವಾಗ ಬಾಯಿಗೆ ಬರುವ ಆ ಮಾತು, ಕಾಗದ ಬರೆಸುವ ಹೊತ್ತಿಗೆ ಹಿಂಜರಿಯುತ್ತದೆ. ‘ಹಣೆಬರಹ, ಯಾರನ್ನ ಅಂದು ಏನು ಬಂತು’ ಎಂಬ ಇನ್ನೊಂದು ಮಾತು ಅದರ ಜಾಗಕ್ಕೆ ಬರುತ್ತದೆ. ವೈದ್ಯರು ಗಾಯವನ್ನು ಕಾಣುತ್ತಾರೆ, ಹೊಲಿಯುತ್ತಾರೆ, ಅದರ ಉದ್ದಗಲಗಳನ್ನು ಬರೆದಿಡುತ್ತಾರೆ. ಗಾಯದ ಹಿಂದಿನ ಕಾರಣವನ್ನು ಗಾಯಾಳುವೋ ಅವನ ಜೊತೆಗೆ ಬಂದವರೋ ಹೇಳದೆ ಅವರಿಗೆ ತಿಳಿಯುವ ಬಗೆಯಿಲ್ಲ. ಆದಕಾರಣ ಆಸ್ಪತ್ರೆಯ ಚೀಟಿಯಲ್ಲಿ ‘ಬಿದ್ದು ಗಾಯ’ ಎಂದಷ್ಟೇ ಬರೆಸಿ ಹೊರಡದೆ, ತಡೆಗೋಡೆಯಿಲ್ಲದ ಕಟ್ಟೆಯಿಂದ ಬಿದ್ದದ್ದೇ, ಗುರಾಣಿಯಿಲ್ಲದ ಯಂತ್ರಕ್ಕೆ ಕೈ ಸಿಕ್ಕಿದ್ದೇ, ಯಾವ ಜಾಗದಲ್ಲಿ, ಯಾರ ಕೆಲಸದ ಮೇಲಿದ್ದಾಗ ಎಂಬುದನ್ನೂ ಕೂಡಿಸಿ ಬರೆಸುವುದು ನೊಂದವರ ಕಡೆಯವರು ಮಾಡಬೇಕಾದ ಮೊದಲ ಉಪಚಾರಗಳಲ್ಲಿ ಒಂದು.